ಋತುಮಾನದ ವನ್ಯಜೀವಿ ವೀಕ್ಷಣೆಯಲ್ಲಿ ‘ಕಾಣಲಿಲ್ಲ’ ಎಂಬ ದಾಖಲೆಯ ಬೆಲೆ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಲ್ಲಿ ಮಲೆನಾಡಿನಂಚಿನ ಎಲೆಯುದುರುವ ಕಾಡಿನಿಂದ ಹಿಡಿದು ಬಯಲುಸೀಮೆಯ ಕುರುಚಲು ಕಾಡಿನವರೆಗೆ ಹಲವು ಬಗೆಯ ವನಪ್ರದೇಶಗಳಿವೆ. ಇಲ್ಲಿ ದುರ್ಬೀನು ಹಿಡಿದು ಸಂಚರಿಸುವ ಹವ್ಯಾಸಿಗಳು ಕಂಡದ್ದನ್ನು ಬರೆದಿಡುತ್ತಾರೆ. ಏನೂ ಕಾಣದೆ ಹಿಂದಿರುಗಿದ ದಿನ ಸಾಮಾನ್ಯವಾಗಿ ಪುಸ್ತಕವನ್ನು ತೆರೆಯುವುದಿಲ್ಲ. ಆ ಬರಿಯ ದಿನದ ದಾಖಲೆಯೂ ಶಾಸ್ತ್ರಕ್ಕೆ ಅಷ್ಟೇ ಅವಶ್ಯಕವೆಂಬುದನ್ನು ಪ್ರಕೃತ ಲೇಖನದಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಒಂದು ಜೀವಿ ಯಾವುದೋ ಋತುವಿನಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದಕ್ಕೆ ಮೂರು ಕಾರಣಗಳಿರಬಹುದು. ಒಂದು, ಅದು ಆಗ ನಿಜವಾಗಿಯೂ ಹೊರಗಿನಿಂದ ಬಂದಿರುತ್ತದೆ. ಎರಡು, ಅದು ಸದಾ ಇಲ್ಲಿಯೇ ಇದ್ದು ಆಗ ಮಾತ್ರ ಕಣ್ಣಿಗೆ ಬೀಳುತ್ತದೆ. ಮೂರು, ನೋಡಹೋಗುವವರ ಸಂಖ್ಯೆಯೇ ಆಗ ಹೆಚ್ಚಿರುತ್ತದೆ.

ಮೊದಲನೆಯದಕ್ಕೆ ಬೂದು ಸಿಪಿಲೆ ಒಳ್ಳೆಯ ನಿದರ್ಶನ. ಹಿಮಾಲಯದಲ್ಲಿಯೂ ಅದಕ್ಕೂ ಉತ್ತರದ ನಾಡುಗಳಲ್ಲಿಯೂ ಮರಿಮಾಡುವ ಈ ಹಕ್ಕಿ ಮಳೆಗಾಲದ ಕೊನೆಗೆ ದಕ್ಷಿಣದ ಕಾಡುಹಳ್ಳಗಳಿಗೆ ಬಂದು ಬೇಸಗೆಯಲ್ಲಿ ಹಿಂದಿರುಗುತ್ತದೆ. ಜೂನ್ ತಿಂಗಳಲ್ಲಿ ಅದು ಕಾಣದಿದ್ದರೆ ಅದು ಇಲ್ಲಿಲ್ಲವೆಂದೇ ಅರ್ಥ.

ಎರಡನೆಯದಕ್ಕೆ ಜಗಳೂರು ತಾಲ್ಲೂಕಿನ ಕೊಂಡುಕುರಿಯನ್ನು ನೋಡಬಹುದು. ಗಂಡಿಗೆ ನಾಲ್ಕು ಕೊಂಬುಗಳಿರುವ ಈ ಪ್ರಾಣಿಯ ರಕ್ಷಣೆಗಾಗಿ ರಂಗಯ್ಯನದುರ್ಗದ ಸುಮಾರು 77 ಚದರ ಕಿಲೋಮೀಟರು ಪ್ರದೇಶವನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಕೊಂಡುಕುರಿ ಹಿಂಡುಗಟ್ಟುವುದಿಲ್ಲ; ಒಂಟಿಯಾಗಿ ಅಥವಾ ಜೋಡಿಯಾಗಿ ಇರುತ್ತದೆ. ಅಪಾಯದ ಸುಳಿವು ಸಿಕ್ಕಿದೊಡನೆ ಹುಲ್ಲಿನ ಮರೆಯಲ್ಲಿ ಅಲುಗಾಡದೆ ನಿಂತುಬಿಡುತ್ತದೆ. ಎಲೆಯುದುರಿ ಹುಲ್ಲು ಒಣಗಿದ ಫೆಬ್ರವರಿ-ಮಾರ್ಚ್ ತಿಂಗಳುಗಳಲ್ಲಿ ಕಣ್ಣಿಗೆ ಬೀಳುವ ಪ್ರಾಣಿ ಮಳೆ ಬಿದ್ದು ಹುಲ್ಲೆದ್ದ ಮೇಲೆ ಮರೆಯಾಗುತ್ತದೆ. ಅದು ಎಲ್ಲಿಗೂ ಹೋಗಿರುವುದಿಲ್ಲ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕುವ ಅಭ್ಯಾಸ ಅದಕ್ಕಿರುವುದರಿಂದ, ಹೊಸ ಹಿಕ್ಕೆಯ ಗುಡ್ಡೆ ಅದರ ಇರವಿಗೆ ಸಾಕ್ಷಿಯಾಗುತ್ತದೆ.

ಚಾತಕದ ವಿಷಯ ಇನ್ನಷ್ಟು ಸೂಕ್ಷ್ಮವಾದುದು. ಆಫ್ರಿಕದಿಂದ ಮುಂಗಾರಿನೊಡನೆ ಬರುವ ಚಾತಕಗಳಿವೆ. ದಕ್ಷಿಣ ಭಾರತದಲ್ಲಿಯೇ ನೆಲೆಸಿರುವ ಚಾತಕಗಳೂ ಇವೆ. ಹರಟೆಮಲ್ಲಗಳ ಗೂಡಿನಲ್ಲಿ ಮೊಟ್ಟೆಯಿಡುವ ಕಾಲ ಬಂದಾಗ ಇದು ಗಟ್ಟಿಯಾಗಿ ಕೂಗತೊಡಗುತ್ತದೆ. ಆದ್ದರಿಂದ ನಮ್ಮ ಸೀಮೆಯಲ್ಲಿ ವರ್ಷದ ಮೊದಲ ಕೂಗು ಕೇಳಿದ ದಿನವನ್ನು ಹಕ್ಕಿ ಬಂದ ದಿನವೆಂದು ಆತುರದಿಂದ ಬರೆಯಲಾಗದು.

ಮೂರನೆಯ ಕಾರಣ ನೋಡುವವರಿಗೇ ಸಂಬಂಧಿಸಿದ್ದು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ, ಎಂದರೆ ಶಾಂತಿಸಾಗರಕ್ಕೆ, ಡಿಸೆಂಬರಿನಲ್ಲಿ ಹತ್ತು ಮಂದಿಯೂ ಆಗಸ್ಟಿನಲ್ಲಿ ಒಬ್ಬರೂ ಹೋಗಿಬಂದರೆ, ಡಿಸೆಂಬರಿನ ಪಟ್ಟಿ ತಾನಾಗಿಯೇ ಉದ್ದವಾಗುತ್ತದೆ.

ಈ ಮೂರನ್ನು ಬೇರ್ಪಡಿಸುವ ಉಪಾಯ ಸರಳವಾದುದು. ಒಬ್ಬ ವಿದ್ಯಾರ್ಥಿ ಒಂದೇ ಎರಡು ಕಿಲೋಮೀಟರು ದಾರಿಯನ್ನು ಫೆಬ್ರವರಿಯಲ್ಲಿ 10 ಸಲ ನಡೆದು 4 ಸಲ ಕೊಂಡುಕುರಿಯನ್ನು ಕಂಡನೆಂದು ಭಾವಿಸೋಣ. ‘ನಾಲ್ಕು ಸಲ ಕಂಡಿತು’ ಎಂದಷ್ಟೇ ಬರೆದರೆ ಅದು ಸುದ್ದಿ. ‘ಹತ್ತರಲ್ಲಿ ನಾಲ್ಕು’ ಎಂದು ಬರೆದರೆ ಅದು ಪ್ರಮಾಣ. ಮುಂದಿನ ಫೆಬ್ರವರಿಯಲ್ಲಿ ಅದು ಹತ್ತರಲ್ಲಿ ಒಂದಕ್ಕೆ ಇಳಿದರೆ ವಿಚಾರಿಸಬೇಕಾದ ಸಂಗತಿ. ಆದರೆ ಫೆಬ್ರವರಿಯನ್ನು ಫೆಬ್ರವರಿಯೊಡನೆ ಹೋಲಿಸಬೇಕೇ ಹೊರತು ಆಗಸ್ಟಿನೊಡನೆ ಅಲ್ಲ. 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿ ಸುಮಾರು 30,000 ಪಕ್ಷಿವೀಕ್ಷಕರ 3 ಕೋಟಿ ದಾಖಲೆಗಳ ಆಧಾರದಿಂದ 942 ಜಾತಿಗಳನ್ನು ಪರಿಶೀಲಿಸಿತು. ಅದರ ಲೆಕ್ಕಾಚಾರದ ತಳಹದಿಯೂ ಇಂಥ ಪ್ರಮಾಣವೇ: ಒಟ್ಟು ಪಟ್ಟಿಗಳಲ್ಲಿ ಎಷ್ಟರಲ್ಲಿ ಆ ಹಕ್ಕಿ ಇದೆ ಎಂಬುದು.

ಈ ಎಚ್ಚರ ಕೇವಲ ಪಾಂಡಿತ್ಯದ ಮಾತಲ್ಲ. ಹೊನ್ನಾಳಿಗೆ ದೂರವಲ್ಲದ ರಾಣೆಬೆನ್ನೂರಿನಲ್ಲಿ 1974ರಲ್ಲಿ ವನ್ಯಜೀವಿಧಾಮ ಸ್ಥಾಪಿತವಾಯಿತು. ಅಲ್ಲಿ ಕೃಷ್ಣಮೃಗಗಳು ಉಳಿದಿವೆ. ಒಂದು ಕಾಲದಲ್ಲಿ ಕಾಣುತ್ತಿದ್ದ ಎರ್ಲಡ್ಡು ಹಕ್ಕಿ ಈಗಿಲ್ಲ. ಜೀವಿಯೊಂದು ಬಂದದ್ದನ್ನು ಒಂದೇ ನೋಟ ತಿಳಿಸುತ್ತದೆ. ಅದು ಹೋದದ್ದನ್ನು ಯಾವ ಒಂದು ನೋಟವೂ ತಿಳಿಸಲಾರದು. ಬರಿಗೈಯಲ್ಲಿ ಹಿಂದಿರುಗಿದ ಅನೇಕ ದಿನಗಳ ಲೆಕ್ಕದಿಂದ ಮಾತ್ರ ಅದನ್ನು ಅರಿಯಬಹುದು. ಕುರುಚಲು ಕಾಡನ್ನು ಬಂಜರೆಂದು ಎಣಿಸುವ ವಾಡಿಕೆಯಿರುವಲ್ಲಿ, ಲೆಕ್ಕವಿಲ್ಲದ ‘ಅಲ್ಲೇನೂ ಇಲ್ಲ’ ಎಂಬ ಮಾತು ಕಾಡಿಗೇ ಕೇಡು ತರಬಹುದು.

ನಮ್ಮ ಕಾಲೇಜುಗಳಲ್ಲಿ ಇದಕ್ಕೆ ಒಂದು ನೋಟುಪುಸ್ತಕ ಸಾಕು. ದಿನಾಂಕ, ಹೊರಟ ಮತ್ತು ಮುಗಿಸಿದ ವೇಳೆ, ನಡೆದ ದಾರಿ, ಹವೆ, ಜೊತೆಯಲ್ಲಿದ್ದವರ ಸಂಖ್ಯೆ, ಕಂಡ ಜೀವಿಗಳು—ಇಷ್ಟನ್ನು ಬರೆಯಬೇಕು. ಏನೂ ಕಾಣದ ದಿನವೂ ಸಾಲು ಖಾಲಿ ಉಳಿಯದೆ ‘ಕಾಣಲಿಲ್ಲ’ ಎಂದು ತುಂಬಬೇಕು. ಅಭಯಾರಣ್ಯದೊಳಕ್ಕೆ ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಬೇಕು. ತಂಡ ಬದಲಾದರೂ ದಾರಿ ಬದಲಾಗದಂತೆ ಅಧ್ಯಾಪಕರು ನೋಡಿಕೊಂಡರೆ, ಒಂದು ತಂಡದ ಪುಸ್ತಕ ಮುಂದಿನ ತಂಡಕ್ಕೆ ಅಳತೆಗೋಲಾಗುತ್ತದೆ.