ಸೆಕೆಂಡಿಗೆ ಮೂರು ಲಕ್ಷ ರೂಪಾಯಿ

2023–24ರಲ್ಲಿ ಹೊರದೇಶಗಳಿಂದ ಭಾರತೀಯರು ತಾಯ್ನಾಡಿಗೆ ಕಳಿಸಿದ ಹಣ 11,870 ಕೋಟಿ ಡಾಲರ್. ರೂಪಾಯಿ ಲೆಕ್ಕದಲ್ಲಿ ಹತ್ತಿರಹತ್ತಿರ 9.8 ಲಕ್ಷ ಕೋಟಿ. ಕರ್ನಾಟಕ ಸರ್ಕಾರದ 2024–25ರ ಬಜೆಟ್ ಗಾತ್ರ 3.71 ಲಕ್ಷ ಕೋಟಿ. ಅಂಥ ಎರಡೂವರೆ ಬಜೆಟ್‌ಗಳನ್ನು ಈ ಹಣ ಮೀರಿಸುತ್ತದೆ. ಹಗಲಿರುಳೆನ್ನದೆ ವರ್ಷವಿಡೀ ಹಂಚಿ ನೋಡಿದರೆ ಸೆಕೆಂಡಿಗೆ ಮೂರು ಲಕ್ಷ ರೂಪಾಯಿ! ಜಗತ್ತಿನ ಬೇರೆ ಯಾವ ದೇಶಕ್ಕೂ ಅದರ ಮಕ್ಕಳು ಇಷ್ಟು ಕಳಿಸುವುದಿಲ್ಲ.

ರಿಸರ್ವ್ ಬ್ಯಾಂಕಿನ ಸಮೀಕ್ಷೆಯ ಪ್ರಕಾರ ಇದರಲ್ಲಿ ಕರ್ನಾಟಕದ ಪಾಲು ಶೇ 7.7. ಅಂದರೆ ಸುಮಾರು 76 ಸಾವಿರ ಕೋಟಿ ರೂಪಾಯಿ, ದಿನವೊಂದಕ್ಕೆ 200 ಕೋಟಿ. ಅಮೆರಿಕದಲ್ಲಿರುವ ಎಂಜಿನಿಯರ್ ಕಳಿಸಿದ್ದೂ ಇದರಲ್ಲಿದೆ, ಉಡುಪಿ, ಮಂಗಳೂರು, ಭಟ್ಕಳದಿಂದ ಕೊಲ್ಲಿಗೆ ಹೋದವರು ಕಳಿಸಿದ್ದೂ ಇದೆ. ಮಗಳ ಕಾಲೇಜು ಫೀಸು, ಅಪ್ಪನ ಔಷಧಿ, ಮನೆ ಸಾಲದ ಕಂತು ಸೇರಿ ಸೇರಿಯೇ ಈ ಬೆಟ್ಟ ಬೆಳೆದಿದೆ.

ಆದರೆ ಗಡಿ ದಾಟುವಾಗ ಈ ದುಡ್ಡು ಸವೆಯುತ್ತದೆ. ವಿಶ್ವಬ್ಯಾಂಕ್ ಲೆಕ್ಕದಂತೆ, ಒಂದು ದೇಶದಿಂದ ಇನ್ನೊಂದಕ್ಕೆ 200 ಡಾಲರ್ ಕಳಿಸಲು ತಗಲುವ ವೆಚ್ಚದ ಜಾಗತಿಕ ಸರಾಸರಿ ಶೇ 6ಕ್ಕೂ ಹೆಚ್ಚು. ಭಾರತಕ್ಕೆ ಕಳಿಸುವ ಸಂಸ್ಥೆಗಳಲ್ಲಿ ಪೈಪೋಟಿ ಜಾಸ್ತಿ, ಹಾಗಾಗಿ ನಮ್ಮ ದರ ಸರಾಸರಿಗಿಂತ ಕಡಿಮೆ. ಸಹಾರಾದ ದಕ್ಷಿಣದ ಆಫ್ರಿಕನ್ನರು ಎಲ್ಲರಿಗಿಂತ ಹೆಚ್ಚು ತೆರುತ್ತಾರೆ. ಕಳಿಸುವ ಮೊತ್ತ ಚಿಕ್ಕದಾದಷ್ಟೂ ಶುಲ್ಕದ ಪ್ರಮಾಣ ದೊಡ್ಡದು. ಹೀಗಾಗಿ ಕಡಿಮೆ ದುಡಿಯುವವರ ಮೇಲೆಯೇ ಭಾರ ಹೆಚ್ಚು.

2023ರಲ್ಲಿ ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಹೀಗೆ ಹರಿದ ಹಣ ಸುಮಾರು 65,600 ಕೋಟಿ ಡಾಲರ್. ಇಷ್ಟರ ಮೇಲೆ ಶೇ 1ರಷ್ಟು ವೆಚ್ಚ ಇಳಿದರೂ 656 ಕೋಟಿ ಡಾಲರ್, ಅಂದರೆ 54 ಸಾವಿರ ಕೋಟಿ ರೂಪಾಯಿ, ದುಡಿದವರ ಮನೆಗಳಲ್ಲೇ ಉಳಿಯುತ್ತದೆ.

ಈಗ ದೇಶದೊಳಗಿನ ಲೆಕ್ಕ ನೋಡಿ. 2016ರಲ್ಲಿ ಶುರುವಾದ ಯುಪಿಐ, 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿ ವಹಿವಾಟು ದಾಟಿತು. ಸೆಕೆಂಡಿಗೆ ಏಳು ಸಾವಿರಕ್ಕೂ ಹೆಚ್ಚು! ಒಬ್ಬರಿಂದ ಇನ್ನೊಬ್ಬರಿಗೆ ಕಳಿಸಲು ಶುಲ್ಕವಿಲ್ಲ, ಭಾನುವಾರದ ರಜೆಯಿಲ್ಲ. ಗಡಿ ದಾಟುವಾಗ ಮಾತ್ರ ಹಣ ಎಷ್ಟೋ ಸಲ ನಡುವಿನ ಬ್ಯಾಂಕುಗಳ ಕೈ ದಾಟಿ ಬರಬೇಕು. ಒಂದೊಂದರದೂ ಪ್ರತ್ಯೇಕ ತಪಾಸಣೆ, ಪ್ರತ್ಯೇಕ ಕಮಿಷನ್. ಇದರ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ಸುಂಕವಿದೆ: ವಿನಿಮಯ ದರ. ಶುಲ್ಕವೇ ಇಲ್ಲವೆಂದು ಜಾಹೀರಾತು ಕೊಟ್ಟು, ಡಾಲರಿಗೆ ಒಂದು ರೂಪಾಯಿ ಕಡಿಮೆ ಕೊಟ್ಟರೆ ಆಗಲೇ ಶೇ 1ಕ್ಕಿಂತ ಹೆಚ್ಚು ಹೋಯಿತು.

ಬೇರೆ ದಾರಿಯೂ ತೆರೆದಿದೆ. 2023ರ ಫೆಬ್ರುವರಿ 21ರಂದು ಯುಪಿಐಯನ್ನು ಸಿಂಗಪುರದ ಪೇನೌ ಪಾವತಿ ವ್ಯವಸ್ಥೆಗೆ ಜೋಡಿಸಿದರು. ಮೊಬೈಲ್ ಸಂಖ್ಯೆ ಇದ್ದರೆ ಸಾಕು, ಕ್ಷಣಮಾತ್ರದಲ್ಲಿ ಹಣ ಸೇರುತ್ತದೆ. ಆದರೆ ಹೀಗೆ ಎರಡೆರಡೇ ದೇಶಗಳನ್ನು ಕೂಡಿಸುತ್ತ ಹೋದರೆ ಲೆಕ್ಕ ಕೈಮೀರುತ್ತದೆ. ಐದು ದೇಶಗಳಿಗೆ 10 ಕೊಂಡಿ ಸಾಕು. ಐವತ್ತಾದರೆ 1,225 ಬೇಕು. ಅಂತರರಾಷ್ಟ್ರೀಯ ಇತ್ಯರ್ಥ ಬ್ಯಾಂಕ್ ರೂಪಿಸಿರುವ ನೆಕ್ಸಸ್ ಯೋಜನೆ ಇದನ್ನು ಬದಲಿಸುತ್ತದೆ: ಪ್ರತಿ ದೇಶವೂ ಒಂದೇ ಸಲ, ಒಂದೇ ಕಡೆ ಜೋಡಿಸಿಕೊಂಡರಾಯಿತು. ಐವತ್ತು ದೇಶಗಳಿಗೆ ಐವತ್ತೇ ಕೊಂಡಿ. ಮಲೇಷ್ಯಾ, ಫಿಲಿಪ್ಪೀನ್ಸ್, ಸಿಂಗಪುರ, ಥಾಯ್ಲೆಂಡ್ ಜೊತೆ ಭಾರತವೂ 2024ರಲ್ಲಿ ಇದಕ್ಕೆ ಸೇರಿತು. ನಮ್ಮವರು ಹೆಚ್ಚು ದುಡಿಯುವ ಕೊಲ್ಲಿ ದೇಶಗಳೂ ಬಂದರೆ ಇದರ ಫಲ ಹಲವು ಪಟ್ಟು ಹೆಚ್ಚುತ್ತದೆ.

ಗಡಿಯಾಚೆ ಹಣ ಕಳಿಸುವ ವೆಚ್ಚವನ್ನು 2030ರೊಳಗೆ ಶೇ 3ಕ್ಕಿಂತ ಕೆಳಗಿಳಿಸುವುದಾಗಿ ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು 2015ರಲ್ಲಿ ಒಪ್ಪಿಕೊಂಡಿವೆ. ಹಾಗಾದರೆ ತಿಂಗಳಿಗೆ 200 ಡಾಲರ್ ಕಳಿಸುತ್ತ ಈಗಿನ ಸರಾಸರಿ ವೆಚ್ಚ ತೆರುತ್ತಿರುವ ಒಬ್ಬ ಕಾರ್ಮಿಕನಿಗೆ ವರ್ಷಕ್ಕೆ ಆರರಿಂದ ಏಳು ಸಾವಿರ ರೂಪಾಯಿ ಉಳಿಯುತ್ತದೆ. ಇದು ಯಾವ ಸರ್ಕಾರವೂ ಖಜಾನೆಯಿಂದ ಕೊಡಬೇಕಾದ ಸಬ್ಸಿಡಿಯಲ್ಲ, ಅವನೇ ದುಡಿದದ್ದು. ಅದು ಪೂರ್ತಿಯಾಗಿ ಅವನ ಮನೆ ಸೇರುವಂತೆ ಮಾಡುವ ತಂತ್ರಜ್ಞಾನ ಕೈಯಲ್ಲಿದೆ. ಇನ್ನು ತಡಮಾಡಲು ಕಾರಣವಿಲ್ಲ.