ಗೋಡೆಗೂ ಬೇಕು ಒಡಲು, ಅಂಚು, ಸೆರಗು

ಅಂಗಡಿಯಲ್ಲಿ ಆ ಬಣ್ಣ ಥೇಟ್ ಕನಕಾಂಬರದಂತಿತ್ತು. ಶೇಡ್ ಕಾರ್ಡಿನ ಬಲಬದಿಯಲ್ಲಿ, ಕೆಳಗಿನಿಂದ ಎರಡನೆಯದು, ಹೆಬ್ಬೆರಳಿನಗಲದ ಒಂದು ಚೌಕ. ಹಜಾರದ ನಾಲ್ಕೂ ಗೋಡೆಗೆ ಅದೇ ಇರಲಿ ಎಂದು ಮುಂಗಡ ಕೊಟ್ಟು ಬಂದೆ. ಮೂರನೆಯ ದಿನ ಪೇಂಟರ್ ಏಣಿ ಮಡಚಿಕೊಂಡು ಹೋದ ಮೇಲೆ ಟ್ಯೂಬ್‌ಲೈಟ್ ಹಾಕಿ ನೋಡುತ್ತೇನೆ, ಹಜಾರಕ್ಕೆ ಹಜಾರವೇ ಹೊತ್ತಿ ಉರಿಯುತ್ತಿದೆ. ಮುಂದಿನ ವಾರ ಊರಿನಿಂದ ಬಂದ ಅವ್ವ ಚಪ್ಪಲಿ ಬಿಟ್ಟವಳು ಹೊಸ್ತಿಲಲ್ಲೇ ನಿಂತಳು. “ಏನೋ ಇದು, ಹೆಚ್ಚಿದ ಕುಂಬಳಕಾಯಿ ಒಳಗ ಕುಂತಂಗ ಆಗ್ತದಲ್ಲೋ!”

ಬಣ್ಣದ ವಿಷಯದಲ್ಲಿ ಅವ್ವನ ಮಾತನ್ನು ತಳ್ಳಿಹಾಕುವಂತಿಲ್ಲ. ಬಾಗಲಕೋಟೆ ಕಡೆಯವಳು, ಇಳಕಲ್ ಸೀರೆ ಉಟ್ಟು ಬೆಳೆದವಳು. ಅವಳ ಲೋಕದಲ್ಲಿ ಬಣ್ಣಗಳಿಗೆ ನಂಬರ್ ಇಲ್ಲ, ಹೆಸರಿದೆ. ಗಿಳಿ ಹಸಿರು, ನವಿಲಿನ ಬಣ್ಣ, ಉಳ್ಳಾಗಡ್ಡಿ ಸಿಪ್ಪಿ ಬಣ್ಣ, ದಾಳಿಂಬರಿ ಕೆಂಪು. ಮಧ್ಯಾಹ್ನ ಊಟವಾದ ಮೇಲೆ ತನ್ನ ಚೀಲದಿಂದ ಒಂದು ಸೀರೆ ತೆಗೆದು ದಿವಾನದ ಮೇಲೆ ಹರಡಿದಳು. ಕಪ್ಪಿಗೆ ಹತ್ತಿರದ ನೀಲಿ ಒಡಲು, ಉದ್ದಕ್ಕೂ ಕೆಂಪು ಅಂಚು, ಕೊನೆಯಲ್ಲಿ ಕೆಂಪು ರೇಷ್ಮೆಯ ಮೇಲೆ ಬಿಳಿ ಎದ್ದು ಕಾಣುವ ತೋಪು ತೆನೆ ಸೆರಗು. “ಇದರಾಗ ಕೆಂಪು ಎಷ್ಟದ ನೋಡು. ಸೀರಿ ತುಂಬ ಕೆಂಪಿದ್ದಿದ್ರ ಈ ಸೆರಗು ಯಾರ ಕಣ್ಣಿಗೆ ಬೀಳ್ತಿತ್ತು?”

ಒಳಾಂಗಣ ವಿನ್ಯಾಸದವರು 60-30-10 ಎಂಬ ಸೂತ್ರ ಹೇಳುತ್ತಾರೆ. ಕೋಣೆಯ ನೂರರಲ್ಲಿ ಅರವತ್ತು ಪಾಲು ಒಂದು ಶಾಂತ ಬಣ್ಣ, ಮೂವತ್ತು ಪಾಲು ಅದಕ್ಕೆ ಹೊಂದುವ ಇನ್ನೊಂದು, ಉಳಿದ ಹತ್ತು ಪಾಲು ಕಣ್ಣು ಸೆಳೆಯುವಂಥದ್ದು. ಅವ್ವ ದಿವಾನದ ಮೇಲೆ ಹರಡಿದ್ದೂ ಹೆಚ್ಚುಕಡಿಮೆ ಅದೇ ಲೆಕ್ಕ, ನಮ್ಮ ಮಗ್ಗದ ಭಾಷೆಯಲ್ಲಿ. ಒಡಲು, ಅಂಚು, ಸೆರಗು. ನಾನು ಇಡೀ ಮನೆಗೆ ಸೆರಗನ್ನೇ ಸುತ್ತಿದ್ದೆ.

ಹೆಬ್ಬೆರಳಿನಗಲ ನೋಡಿ ನಾನೂರು ಚದರಡಿಗೆ ತೀರ್ಮಾನ ಮಾಡಿದರೆ ಆಗುವುದೇ ಹೀಗೆ. ಕೋಣೆಯೊಳಗಿನ ಬೆಳಕು ಒಂದು ಗೋಡೆಗೆ ಬಡಿದು ಅಲ್ಲೇ ನಿಲ್ಲುವುದಿಲ್ಲ. ಎದುರಿನ ಗೋಡೆಗೆ, ಅಲ್ಲಿಂದ ಚಾವಣಿಗೆ, ಮತ್ತೆ ನೆಲಕ್ಕೆ ಪುಟಿಯುತ್ತ, ಪ್ರತಿ ಪುಟಿತದಲ್ಲೂ ಗೋಡೆಯ ಬಣ್ಣವನ್ನು ಇನ್ನಷ್ಟು ಮೈಗೆ ಹಚ್ಚಿಕೊಂಡು ಬರುತ್ತದೆ. ಕಾರ್ಡಿನಲ್ಲಿ ತಿಳಿಯಾಗಿದ್ದದ್ದು ನಾಲ್ಕು ಗೋಡೆ ಸೇರಿದಾಗ ಗಾಢವಾಗುವುದು ಇದರಿಂದ. ಪೇಂಟರ್‌ಗಳಿಗೆ ಇದು ಅನುಭವದಿಂದ ಗೊತ್ತು. ನನ್ನ ಪೇಂಟರ್‌ನನ್ನು ಮತ್ತೆ ಕರೆಸಿದಾಗ ಆತ ತಣ್ಣಗೆ ಹೇಳಿದ, “ಕಾರ್ಡಲ್ಲಿ ಇಷ್ಟ ಆಗಿದ್ದಕ್ಕಿಂತ ಎರಡು ನಂಬರ್ ತಿಳೀದು ತಗೋಬೇಕು ಸಾರ್.” ಮೊದಲೇ ಹೇಳಬಾರದಿತ್ತೇ ಎಂದರೆ, “ನೀವು ಕೇಳ್ಲಿಲ್ಲವಲ್ಲ” ಎಂದ. ಸರಿಯೇ.

ಹಾಗಾಗಿ ಮೊದಲು ಒಂದು ಲೀಟರಿನ ಡಬ್ಬ ಮಾತ್ರ ತನ್ನಿ. ಗೋಡೆಯ ಮೇಲೆ ಎರಡಡಿ ಅಗಲ, ಎರಡಡಿ ಎತ್ತರ ಎರಡು ಕೋಟ್ ಬಳಿದು ಒಂದು ದಿನ ಬಿಡಿ. ಒಂದು ಪಟ್ಟಿ ಕಿಟಕಿಯ ಪಕ್ಕದಲ್ಲಿರಲಿ, ಇನ್ನೊಂದು ಮೂಲೆಯಲ್ಲಿ. ಬೆಳಿಗ್ಗೆ ಕಾಫಿ ಹೊತ್ತಿಗೆ, ಇಳಿಹೊತ್ತಿಗೆ, ರಾತ್ರಿ ದೀಪ ಹಾಕಿ, ಹೀಗೆ ಮೂರು ಸಲ ನೋಡಿ. ಒಂದೇ ಡಬ್ಬದ ಬಣ್ಣ ಮೂರು ಮುಖ ತೋರಿಸುತ್ತದೆ. ಅದರಲ್ಲಿ ದೀಪದ ಪಾತ್ರ ದೊಡ್ಡದು. ಎಲ್‌ಇಡಿ ಬಲ್ಬಿನ ಪೆಟ್ಟಿಗೆಯ ಮೇಲೆ 2700ಕೆ, 4000ಕೆ, 6500ಕೆ ಎಂದು ಬರೆದಿರುತ್ತದೆ. 2700 ಎಂದರೆ ಹಳೆಯ ಬುರುಡೆ ಬಲ್ಬಿನ ಹಳದಿ ಬೆಳಕು, 6500 ಎಂದರೆ ನೀಲಿ ಬೆರೆತ ಹಗಲಿನ ಬಿಳುಪು. ಹಳದಿ ಬೆಳಕಿನಲ್ಲಿ ಬೂದು ಗೋಡೆ ಬೆಚ್ಚಗಾಗುತ್ತದೆ, ತಿಳಿನೀಲಿ ಮಾತ್ರ ಕಳೆಗೆಡುತ್ತದೆ. ನನ್ನನ್ನು ಕೇಳಿದರೆ ಮಲಗುವ ಕೋಣೆಗೆ 6500ರ ಬಿಳಿ ದೀಪ ಹಾಕುವುದು ಬಸ್ ನಿಲ್ದಾಣದಲ್ಲಿ ಹಾಸಿಗೆ ಹಾಸಿದ ಹಾಗೆ. ಎಷ್ಟೋ ಕೋಣೆಗಳಿಗೆ ಬಣ್ಣ ಬದಲಿಸುವ ಮೊದಲು ಬಲ್ಬ್ ಬದಲಿಸಿದರೆ ಅರ್ಧ ಕೆಲಸ ಮುಗಿಯುತ್ತದೆ.

ಅಂಚಿನ ಮಾತಿಗೆ ಬರೋಣ. ನಮ್ಮ ಹಳ್ಳಿಮನೆಗಳು ಇದನ್ನು ಯಾವತ್ತೋ ಕಂಡುಕೊಂಡಿದ್ದವು. ನೆಲಕ್ಕೆ ಸೆಗಣಿಯ ಸಾರಣೆ, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಕಾರಣೆ. ‘ಸಾರಣೆ ಕಾರಣೆ’ ಎಂಬ ಜೋಡುಮಾತು ಹುಟ್ಟಿದ್ದೇ ಹಾಗೆ. ಮಹಾನವಮಿ ಬರುತ್ತಿದ್ದಂತೆ ನಮ್ಮ ಮನೆಯ ಪಾತ್ರೆ, ಹಾಸಿಗೆ, ಕೌದಿ ಎಲ್ಲ ಅಂಗಳಕ್ಕೆ ಬೀಳುತ್ತಿದ್ದವು. ಹಿತ್ತಲ ಹರವಿಯಲ್ಲಿ ಸುಣ್ಣದ ಹರಳಿಗೆ ನೀರು ಹೊಯ್ದರೆ ಕೊತಕೊತ ಕುದಿಯುವ ಸದ್ದು. ಹುಡುಗರು ಹತ್ತಿರ ಹೋಗಬಾರದು. ಆರಿದ ಮೇಲೆ ಸೋಸಿ, ಬಟ್ಟೆಗೆ ಹಾಕುವ ನೀಲಿಯನ್ನು ಚಿಟಿಕೆಯಷ್ಟು ಬೆರೆಸಿ ಬಳಿಯುವುದು. ಹಳದಿ ಛಾಯೆ ಹೋಗಿ ಬಿಳುಪು ಎದ್ದು ಕಾಣಲಿ ಎಂದು ಆ ನೀಲಿ. ಹಸಿ ಸುಣ್ಣ ಮೊದಲಿಗೆ ನೀರುನೀರಾಗಿ ಕಂಡು, ‘ಏನೂ ಹತ್ತಲೇ ಇಲ್ಲವಲ್ಲ’ ಎನಿಸುತ್ತದೆ. ಮರುದಿನ ಬೆಳಿಗ್ಗೆ ಎದ್ದರೆ ಗೋಡೆ ಬೆಳ್ಳಗೆ ನಗುತ್ತಿರುತ್ತದೆ. ನೀರು ಆರಿ, ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿ ಮತ್ತೆ ಸುಣ್ಣಕಲ್ಲಾಗುತ್ತ ಹೋಗುವ ಕೆಲಸ ಅದು. ಕೊನೆಗೆ ಗೋಡೆಯ ಬುಡಕ್ಕೆ ಗೇಣಗಲ ಕೆಮ್ಮಣ್ಣಿನ ಪಟ್ಟಿ. ನೆಲ ಸಾರಿಸುವಾಗ ಸಿಡಿದ ಕಲೆ ಅದರಲ್ಲಿ ಮುಚ್ಚಿಹೋಗುತ್ತಿತ್ತು, ಮೇಲಿನ ಬಿಳುಪಿಗೆ ಚೌಕಟ್ಟೂ ಸಿಗುತ್ತಿತ್ತು. ಶಾಲೆ, ಕಚೇರಿಗಳ ಗೋಡೆಗೆ ಎದೆಯೆತ್ತರಕ್ಕೆ ಆಯಿಲ್ ಪೇಂಟ್ ಹೊಡೆಯುವುದರ ಹಿಂದಿರುವುದೂ ಇದೇ ಉಪಾಯ. ಅಲ್ಲಿ ಅಂದ ಮಾತ್ರ ಬಿಟ್ಟುಹೋಗಿದೆ.

ಕಡಿಮೆ ಬಣ್ಣದಲ್ಲಿ ಗೋಡೆ ಎಷ್ಟು ತುಂಬಬಹುದು ಎಂದು ನೋಡಬೇಕಿದ್ದರೆ ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ ನೋಡಬೇಕು. ಅಲ್ಲಿರುವುದು ನಾಲ್ಕೇ ಬಣ್ಣ. ಕೆಮ್ಮಣ್ಣಿನ ಕೆಂಪು, ಅಕ್ಕಿ ಹಿಟ್ಟಿನ ಬಿಳಿ, ಕರ್ರಗೆ ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಎಂದರೆ ಪುಂಡಿ ನಾರು. ಒಡಲೆಲ್ಲ ಕೆಂಪು, ಅದರ ಮೇಲೆ ಎಳೆ ಎಳೆಯಾಗಿ ಬಿಳಿ ಗೆರೆ, ಹಳದಿ ಮತ್ತು ಕಪ್ಪು ಅಲ್ಲಲ್ಲಿ ಮಾತ್ರ. ಆ ಗೋಡೆಯ ಮುಂದೆ ನಿಂತವರಿಗೆ ಐದನೆಯ ಬಣ್ಣ ಬೇಕಿತ್ತು ಎನಿಸಿದ್ದನ್ನು ನಾನಂತೂ ಕೇಳಿಲ್ಲ. ಹೊಸ ಫ್ಲ್ಯಾಟಿನ ಒಂದೇ ಕೋಣೆಯಲ್ಲಿ ಎರಡು ಗೋಡೆಗೆ ಎರಡು ಬಣ್ಣ, ಪರದೆ ಮೂರನೆಯದು, ಸೋಫಾ ನಾಲ್ಕನೆಯದು, ಫಾಲ್ಸ್ ಸೀಲಿಂಗಿನೊಳಗೆ ನೇರಳೆ ದೀಪ ಕಂಡಾಗ ನನಗೆ ಆ ಪುಂಡಿ ನಾರು ನೆನಪಾಗುತ್ತದೆ.

ನೆಲವೂ ಒಂದು ಬಣ್ಣವೇ ಎಂಬುದನ್ನು ನಾವು ಮರೆಯುತ್ತೇವೆ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲದ ಜೊತೆ ಗೋಡೆ ತಿಳಿಹಸಿರು ಇರುತ್ತಿದ್ದದ್ದನ್ನು ನೀವೂ ನೋಡಿರುತ್ತೀರಿ. ಕೆಂಪು, ಹಸಿರು ಬಣ್ಣಚಕ್ರದಲ್ಲಿ ಎದುರುಬದುರು ಕೂತವು. ಒಂದರ ಪಕ್ಕದಲ್ಲಿ ಇನ್ನೊಂದು ಹೆಚ್ಚು ತಾಜಾ ಆಗಿ ಕಾಣುತ್ತದೆ. ತೆಂಗಿನೆಣ್ಣೆ ಉಜ್ಜಿ ಉಜ್ಜಿ ಕನ್ನಡಿಯಾದ ಅಂಥ ನೆಲ ನಿಮ್ಮ ಮನೆಯಲ್ಲಿ ಇನ್ನೂ ಉಳಿದಿದ್ದರೆ ದಯವಿಟ್ಟು ಅದರ ಮೇಲೆ ಟೈಲ್ಸ್ ಹಾಕಿಸಬೇಡಿ. ಇಷ್ಟು ಬೇಡಿಕೊಳ್ಳಲು ನನಗೆ ಅಧಿಕಾರವಿಲ್ಲ, ಆದರೂ ಕೇಳುತ್ತಿದ್ದೇನೆ.

ದಿಕ್ಕಿನ ವಿಷಯ ಚುಟುಕಾಗಿ. ಪಡುವಣ ಬಿಸಿಲು ಹೊಡೆಯುವ ಕೋಣೆಗೆ ಕೇಸರಿ, ಹಳದಿ ಬಳಿದರೆ ಸಂಜೆ ನಾಲ್ಕಕ್ಕೆ ಒಳಗೆ ಕೂರಲಾಗದು. ತಿಳಿಹಸಿರು, ಬೂದಿ ಬೆರೆತ ನೀಲಿ ಅಲ್ಲಿಗೆ ಸರಿ. ಬಿಸಿಲೇ ಕಾಣದ ಬಡಗಣ ಕೋಣೆಗೆ ಕೆನೆ, ಅರಿಸಿನದ ನೀರಿನಂಥ ಬಣ್ಣ. ಚಾವಣಿ ಬೆಳ್ಳಗಿರಲಿ.

ಒಂದು ಕೋಣೆಯಾದರೆ ಶನಿವಾರ ಭಾನುವಾರದಲ್ಲಿ ನೀವೇ ಮಾಡಿ ಮುಗಿಸಬಹುದು. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆ, ಎತ್ತರ ಹತ್ತಡಿ ಎಂದುಕೊಳ್ಳಿ. ನಾಲ್ಕು ಗೋಡೆ ಸೇರಿ 440 ಚದರಡಿ. ಬಾಗಿಲು, ಕಿಟಕಿ ಕಳೆದರೆ 380ರ ಸುಮಾರು. ಸಾಮಾನ್ಯ ಎಮಲ್ಷನ್ ಒಂದು ಲೀಟರ್, ಎರಡು ಕೋಟಿಗೆ 60ರಿಂದ 70 ಚದರಡಿ ಬರುತ್ತದೆ. ಅಂದರೆ ಆರು ಲೀಟರ್ ಬೇಕು. ಒಂದೇ ಗೋಡೆಗಾದರೆ ಎರಡು ಲೀಟರ್ ಸಾಕು. ಬಣ್ಣ ಬಳಿಯುವುದು ಸುಲಭದ ಭಾಗ. ಅದಕ್ಕೆ ಮೊದಲಿನ ಕೆಲಸದಲ್ಲಿ ಬೆವರು ಇಳಿಯುತ್ತದೆ. ಮೊಳೆ ಕೀಳಬೇಕು, ತೂತಿಗೆ ಪುಟ್ಟಿ ತುಂಬಬೇಕು, ಆರಿದ ಮೇಲೆ ಎಮರಿ ಪೇಪರ್‌ನಿಂದ ಉಜ್ಜಿ, ದೂಳು ಒರೆಸಿ, ಪ್ರೈಮರ್ ಹೊಡೆಯಬೇಕು. ಎರಡು ಕೋಟ್‌ಗಳ ನಡುವೆ ನಾಲ್ಕು ತಾಸಾದರೂ ಬಿಡುವಿರಲಿ. ಸ್ವಿಚ್ ಬೋರ್ಡಿನ ಸುತ್ತ ಹಚ್ಚಿದ ಮಾಸ್ಕಿಂಗ್ ಟೇಪನ್ನು ಬಣ್ಣ ಪೂರ್ತಿ ಒಣಗಿ ಗಟ್ಟಿಯಾಗುವ ಮೊದಲೇ ಎಳೆಯಿರಿ, ಇಲ್ಲದಿದ್ದರೆ ಬಣ್ಣದ ಸಿಪ್ಪೆಯೂ ಜೊತೆಗೆ ಬರುತ್ತದೆ. ನಾನು ಮೂರು ದಿನ ಬಿಟ್ಟು ಎಳೆದು ಕಲಿತ ಪಾಠ ಇದು.

ಗೋಡೆಯ ಬುಡದಲ್ಲಿ ಚೌಳು ಎದ್ದು ಬಿಳಿ ಪುಡಿ ಉದುರುತ್ತಿದ್ದರೆ ಮಾತ್ರ ಬಣ್ಣದ ಆಸೆ ಸದ್ಯಕ್ಕೆ ಬಿಡಿ. ಒಳಗಿನ ತೇವ ಉಪ್ಪನ್ನು ಹೊತ್ತು ಹೊರಗೆ ಬರುತ್ತಿದೆ ಎಂದರ್ಥ. ಮೇಲೆ ಎಷ್ಟು ದುಬಾರಿ ಬಣ್ಣ ಬಳಿದರೂ ಒಂದೆರಡು ಮಳೆಗಾಲದಲ್ಲಿ ಹಪ್ಪಳವಾಗಿ ಏಳುತ್ತದೆ. ಸೋರುವ ಪೈಪು, ಬಿರುಕುಬಿಟ್ಟ ತಾರಸಿ ಮೊದಲು ಸರಿಯಾಗಬೇಕು. ಹಳೆಯ ಬಾಗಿಲು, ಕಿಟಕಿಗಳ ಬಗ್ಗೆ ಇನ್ನೊಂದು ಎಚ್ಚರ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ ಮೀರಬಾರದು ಎಂಬ ಕೇಂದ್ರದ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಮೊದಲಿನ ಎನಾಮಲ್‌ನಲ್ಲಿ ಸೀಸ ಹೆಚ್ಚಿರಬಹುದು. ಅದನ್ನು ಒಣದಾಗಿ ಕೆರೆದು ದೂಳೆಬ್ಬಿಸಬೇಡಿ. ನೀರು ಚಿಮುಕಿಸಿ ಉಜ್ಜಿ, ಮೂಗಿಗೆ ಮಾಸ್ಕ್ ಕಟ್ಟಿ, ಅವತ್ತು ಮಕ್ಕಳನ್ನು ಅಜ್ಜಿಮನೆಗೆ ಕಳಿಸಿ.

ಬಾಡಿಗೆ ಮನೆಯವರು ಇಷ್ಟೊತ್ತಿಗೆ ಪುಟ ತಿರುವಿರಬಹುದು. ಮೊಳೆ ಹೊಡೆಯಲೂ ಓನರ್ ಬಿಡದ ಮನೆಗಳಲ್ಲಿ ನಾನೂ ಹನ್ನೊಂದು ವರ್ಷ ಇದ್ದವನು. ಖಾಲಿ ಮಾಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದು ಬೆಂಗಳೂರಿನ ರೂಢಿ. ಹೇಗೂ ದುಡ್ಡು ಕೊಡುವುದು ತಪ್ಪದು, ಒಂದು ಗೋಡೆಗೆ ನಮ್ಮಿಷ್ಟದ ಬಣ್ಣ ಹೊಡೆಯುತ್ತೇವೆ ಎಂದು ಕೇಳಿ ನೋಡಿ, ಕೆಲವರು ಒಪ್ಪುತ್ತಾರೆ. ಒಪ್ಪದಿದ್ದರೆ ಬಿಳಿ ಗೋಡೆಯನ್ನೇ ಒಡಲು ಎಂದುಕೊಳ್ಳಿ. ಅಂಚು, ಸೆರಗನ್ನು ಬಟ್ಟೆಯಿಂದ ತರಬಹುದು. ಅಜ್ಜಿ ಹೊಲಿದ ಕೌದಿ ಅಟ್ಟದ ಮೇಲೆ ಮಡಚಿಕೊಂಡು ಕೂತಿರುತ್ತದೆ. ಅದನ್ನು ಮಂಚದ ಮೇಲೆ ಹೊದಿಸಿ, ಅಥವಾ ಪರದೆಯ ಸರಳಿಗೆ ಇಳಿಬಿಡಿ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯಲ್ಲಂತೂ ತುಂಡು ತುಂಡು ಬಟ್ಟೆಯೇ ಚಿತ್ರವಾಗುತ್ತದೆ. ನವಲಗುಂದದ ಹೆಣ್ಣುಮಕ್ಕಳು ನೇಯುವ ಜಮಖಾನ ಒಂದನ್ನು ಹಾಸಿದರೆ ನೆಲದ ಮಂಕು ಟೈಲ್ಸನ್ನು ಮತ್ತೆ ಯಾರೂ ನೋಡುವುದಿಲ್ಲ. ನಮ್ಮ ಮನೆಯ ಪಡುವಣ ಕಿಟಕಿಗೆ ಈಗ ಇರುವುದು ಅವ್ವನ ಹರಿದ ಇಳಕಲ್ ಸೀರೆಯ ಒಡಲು. ಸೆರಗನ್ನು ಬೇರೆ ಮಾಡಿ ದಿಂಬಿನ ಕವರ್ ಹೊಲಿಸಿದೆವು. ಇಳಕಲ್‌ನಲ್ಲಿ ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆ ಜಾಗ ಕತ್ತರಿಸುವಾಗ ಟೈಲರ್‌ನ ಕೈ ಒಂದು ಕ್ಷಣ ತಡೆಯಿತು.

ಖರ್ಚೇ ಇಲ್ಲದ ಬದಲಾವಣೆಯೂ ಒಂದಿದೆ. ಕೋಣೆಯ ಸಾಮಾನನ್ನೆಲ್ಲ ಹೊರಗಿಟ್ಟು, ಒಂದು ರಾತ್ರಿ ಖಾಲಿ ಬಿಟ್ಟು, ಮರುದಿನ ಬೇಕಾದ್ದನ್ನು ಮಾತ್ರ ಒಳಗೆ ತರುವುದು. ಕಿಟಕಿಗೆ ಅಡ್ಡ ನಿಂತ ಬೀರು ಆ ಕಡೆ ಸರಿದರೆ ಬೆಳಕು ತಾನಾಗಿ ಒಳಬರುತ್ತದೆ.

ಕುಂಬಳಕಾಯಿ ಹಜಾರದ ಕತೆ ಹೇಳಿ ಮುಗಿಸುತ್ತೇನೆ. ಅವ್ವ ಹೇಳಿದಂತೆ ಬಾಗಿಲಿಗೆ ಎದುರಿನ ಒಂದು ಗೋಡೆಯನ್ನು ಹಾಗೇ ಉಳಿಸಿ, ಮೂರಕ್ಕೆ ಹಾಲಿನ ಕೆನೆಯ ಬಣ್ಣ ಬಳಿಸಿದೆವು. ಬುಡಕ್ಕೆ ಆರಂಗುಲದ ಕೆಮ್ಮಣ್ಣಿನ ಬಣ್ಣದ ಪಟ್ಟಿಯನ್ನು ನಾನೇ ಟೇಪ್ ಹಚ್ಚಿ ಎಳೆದೆ. ಎರಡು ಕಡೆ ಸೊಟ್ಟಗಿದೆ. ಉಳಿಸಿದ ಗೋಡೆ ಈಗ ಕನಕಾಂಬರದಂತೆಯೇ ಕಾಣುತ್ತದೆ, ಅಂಗಡಿಯ ಕಾರ್ಡಿನಲ್ಲಿ ಕಂಡ ಹಾಗೆ.

ನೀವೂ ಬಣ್ಣ ಬಳಿಸುವವರಿದ್ದರೆ ಉಳಿದದ್ದನ್ನು ಚೆಲ್ಲಬೇಡಿ. ಚಿಕ್ಕ ಡಬ್ಬಕ್ಕೆ ಹಾಕಿ, ಗಾಳಿಯಾಡದಂತೆ ಮುಚ್ಚಿ, ಮುಚ್ಚಳದ ಮೇಲೆ ಶೇಡ್ ನಂಬರ್, ಕೋಣೆ, ತಾರೀಖು ಬರೆದಿಡಿ. ಮುಂದಿನ ವರ್ಷ ಕುರ್ಚಿ ತಾಗಿ ಗೋಡೆ ಕಿತ್ತಾಗ ಅಂಗಡಿಯವರು ಅದೇ ನಂಬರ್ ಬೆರೆಸಿಕೊಟ್ಟರೂ ಒಂದು ಎಳೆ ಬೇರೆಯಾಗಿಯೇ ಕಾಣುತ್ತದೆ.