ರಾಗಿ ಸರಿಯ ಜೊತೆಗೆ ಇನ್ನೇನು?

ಮಗುವಿಗೆ ಆರು ತಿಂಗಳು ತುಂಬಿ ಅನ್ನಪ್ರಾಶನವಾಯಿತೆಂದರೆ ನಮ್ಮ ಅನೇಕ ಮನೆಗಳಲ್ಲಿ ಮೊದಲು ಸಿದ್ಧವಾಗುವುದು ರಾಗಿ ಸರಿ. ಇದು ಒಳ್ಳೆಯ ಆರಂಭ. ಆದರೆ ಎಷ್ಟೋ ಮನೆಗಳಲ್ಲಿ ಮಗುವಿಗೆ ವರ್ಷ ತುಂಬುವವರೆಗೂ ಅದೇ ಸರಿ, ಬೇಳೆಯ ಕಟ್ಟು, ಹಸುವಿನ ಹಾಲು, ಹಾಲಿನಲ್ಲಿ ಅದ್ದಿದ ಬಿಸ್ಕತ್ತು, ಇಷ್ಟರಲ್ಲೇ ಆಹಾರ ಮುಗಿದುಹೋಗುತ್ತದೆ. ಇಂಥ ಮಗು ನೋಡಲು ಗುಂಡಗಿದ್ದರೂ ಬಿಳಿಚಿಕೊಂಡಿರಬಹುದು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು ೬೫ ಮಕ್ಕಳಿಗೆ ರಕ್ತಹೀನತೆಯಿತ್ತು. ಇದಕ್ಕೆ ಬಡತನವೊಂದೇ ಕಾರಣವಲ್ಲ. ಅನುಕೂಲವಂತರ ಮಕ್ಕಳಲ್ಲೂ ಇದು ಕಾಣುತ್ತದೆ.

ಆರು ತಿಂಗಳೇ ಏಕೆ?

ತಿಂಗಳು ತುಂಬಿ ಹುಟ್ಟಿದ ಮಗು ತಾಯಿಯ ಗರ್ಭದಿಂದಲೇ ಸ್ವಲ್ಪ ಕಬ್ಬಿಣಾಂಶವನ್ನು ಸಂಗ್ರಹಿಸಿಕೊಂಡು ಬಂದಿರುತ್ತದೆ. ಈ ಗಂಟು ಸುಮಾರು ಆರು ತಿಂಗಳಿಗೆ ಕರಗುತ್ತದೆ. ಎದೆಹಾಲು ಅಮೃತವೇ ಆದರೂ ಅದರಲ್ಲಿ ಕಬ್ಬಿಣಾಂಶ ಬಹಳ ಕಡಿಮೆ. ಇದೇ ಸಮಯದಲ್ಲಿ ಮಗುವಿನ ಮಿದುಳು ವೇಗವಾಗಿ ಬೆಳೆಯುತ್ತಿರುತ್ತದೆ. ಅದಕ್ಕೆ ಕಬ್ಬಿಣಾಂಶ ಬೇಕೇ ಬೇಕು. ಆದ್ದರಿಂದ ಆರು ತಿಂಗಳವರೆಗೆ ಎದೆಹಾಲು ಮಾತ್ರ. ಆ ಬಳಿಕ ಎದೆಹಾಲಿನ ಜೊತೆಗೆ ಇತರ ಆಹಾರ. ಎರಡು ವರ್ಷದವರೆಗೆ, ಅದಕ್ಕೂ ಮುಂದೆ, ಎದೆಹಾಲನ್ನು ಮುಂದುವರಿಸಬಹುದು. ತಿಂಗಳು ತುಂಬುವ ಮುನ್ನ ಹುಟ್ಟಿದ ಅಥವಾ ತೂಕ ಕಡಿಮೆಯಿದ್ದ ಮಕ್ಕಳಿಗೆ ಕಬ್ಬಿಣಾಂಶದ ಹನಿಗಳು ಮೊದಲೇ ಬೇಕಾಗುತ್ತವೆ. ಇದನ್ನು ವೈದ್ಯರಲ್ಲಿ ಕೇಳಿ.

ಸರಿಯ ಗುಣ, ಸರಿಯ ಮಿತಿ

ರಾಗಿಯಲ್ಲಿ ಸುಣ್ಣದ ಅಂಶ ಹೇರಳ: ನೂರು ಗ್ರಾಂಗೆ ಮುನ್ನೂರು ಮಿಲಿಗ್ರಾಂಗಿಂತ ಹೆಚ್ಚು. ಕಬ್ಬಿಣಾಂಶವೂ ಉಂಟು. ಆದರೆ ಧಾನ್ಯದಲ್ಲಿರುವ ಕೆಲವು ವಸ್ತುಗಳು ಅದನ್ನು ಕರುಳು ಹೀರಿಕೊಳ್ಳಲು ಬಿಡುವುದಿಲ್ಲ. ನಮ್ಮ ಅಜ್ಜಿಯಂದಿರು ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಹಿಟ್ಟು ಮಾಡುತ್ತಿದ್ದುದರಲ್ಲಿ ಅರ್ಥವಿದೆ. ಮೊಳಕೆ ಬಂದಾಗ ಆ ಅಡ್ಡಿ ಸ್ವಲ್ಪ ಕಡಿಮೆಯಾಗುತ್ತದೆ. ಅಲ್ಲದೆ ಮೊಳಕೆ ಹಿಟ್ಟಿನ ಸರಿ ಬೇಗ ಗಟ್ಟಿಯಾಗುವುದಿಲ್ಲ. ಹೀಗಾಗಿ ನೀರು ಸುರಿಯದೆ ಹೆಚ್ಚು ಹಿಟ್ಟು ಹಾಕಬಹುದು.

ಗಟ್ಟಿತನ ಮುಖ್ಯವಾದ ಮಾತು. ಮಗುವಿನ ಹೊಟ್ಟೆ ಚಿಕ್ಕದು. ಬೇಳೆಯ ಕಟ್ಟು, ಅನ್ನದ ಗಂಜಿ ಕುಡಿಸಿದರೆ ಹೊಟ್ಟೆ ತುಂಬುತ್ತದೆಯೇ ಹೊರತು ಶಕ್ತಿ ದೊರೆಯುವುದಿಲ್ಲ. ಬೇಳೆಯನ್ನು ಕೆಳಗೆ ಬಿಟ್ಟು ನೀರನ್ನು ಮಗುವಿಗೆ ಕೊಡುವುದು ತಪ್ಪು. ಚಮಚ ಓರೆ ಮಾಡಿದರೆ ಆಹಾರ ಸುರಿಯದೆ ನಿಲ್ಲಬೇಕು, ಇದೇ ಅಳತೆ. ಮೇಲೆ ಅರ್ಧ ಚಮಚ ತುಪ್ಪ ಅಥವಾ ಎಣ್ಣೆ ಬೆರೆಸಿ.

ದಿನಕ್ಕೆ ಐದು ಬಗೆ

ವಿಶ್ವ ಆರೋಗ್ಯ ಸಂಸ್ಥೆ ಮಗುವಿನ ಆಹಾರವನ್ನು ಎಂಟು ಗುಂಪುಗಳಾಗಿ ಎಣಿಸುತ್ತದೆ: ಎದೆಹಾಲು, ಧಾನ್ಯ ಮತ್ತು ಗೆಡ್ಡೆ, ಬೇಳೆಕಾಳು, ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ, ‘ಎ’ ಜೀವಸತ್ವ ಹೆಚ್ಚಿರುವ ಸೊಪ್ಪು, ತರಕಾರಿ, ಹಣ್ಣು, ಇತರ ತರಕಾರಿ ಮತ್ತು ಹಣ್ಣು. ಇವುಗಳಲ್ಲಿ ದಿನಕ್ಕೆ ಕನಿಷ್ಠ ಐದು ಮಗುವಿಗೆ ಸಿಗಬೇಕು. ಸಸ್ಯಾಹಾರಿಗಳಿಗೂ ಇದು ಕಷ್ಟವಲ್ಲ. ಎದೆಹಾಲು ಒಂದು, ರಾಗಿ ಎರಡು, ಹೆಸರುಬೇಳೆ ಮೂರು, ಸಿಹಿಕುಂಬಳ ಅಥವಾ ದಂಟಿನ ಸೊಪ್ಪು ನಾಲ್ಕು, ಬಾಳೆಹಣ್ಣು ಐದು. ಬೇಳೆ, ಸೊಪ್ಪಿನ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಹೀರಲ್ಪಡುತ್ತದೆ. ತಿನ್ನುವ ಮನೆಗಳಲ್ಲಿ ಚೆನ್ನಾಗಿ ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಮೀನು, ನುಣ್ಣಗೆ ಅರೆದ ಮಾಂಸವನ್ನು ಆರು ತಿಂಗಳ ನಂತರ ಕೊಡಬಹುದು. ಬಾಳೆಹಣ್ಣು ಶೀತ, ಮೊಟ್ಟೆ ಉಷ್ಣ ಎಂಬ ಅಂಜಿಕೆ ಬೇಡ.

ಹೊಸ ಆಹಾರವನ್ನು ಒಂದೊಂದಾಗಿ, ಎರಡು ಮೂರು ದಿನ ಬಿಟ್ಟು ಪರಿಚಯಿಸಿ. ಮಗು ಉಗುಳಿದರೆ ‘ಇದಕ್ಕೆ ಸೇರುವುದಿಲ್ಲ’ ಎಂದು ತೀರ್ಮಾನಿಸಬೇಡಿ. ಕೆಲವು ಮಕ್ಕಳಿಗೆ ಒಂದು ರುಚಿ ಒಗ್ಗಲು ಎಂಟು ಹತ್ತು ಸಲ ಬೇಕು. ಬಲವಂತ ಮಾಡದೆ ಕೆಲವು ದಿನ ಬಿಟ್ಟು ಮತ್ತೆ ಕೊಡಿ.

ಎಷ್ಟು, ಎಷ್ಟು ಸಲ?

ಮೊದಲು ದಿನಕ್ಕೆ ಎರಡು ಸಲ, ಎರಡು ಮೂರು ಚಮಚ. ಎಂಟು ತಿಂಗಳ ಹೊತ್ತಿಗೆ ಎರಡರಿಂದ ಮೂರು ಸಲ, ಅರ್ಧ ಬಟ್ಟಲು. ಒಂಬತ್ತನೆಯ ತಿಂಗಳಿನಿಂದ ಮೂರು ನಾಲ್ಕು ಸಲ. ಆಗ ನುಣ್ಣಗೆ ಅರೆಯುವುದನ್ನು ಬಿಟ್ಟು ಕೈಯಲ್ಲಿ ಹಿಸುಕಿ ಕೊಡಿ. ಹಲ್ಲಿಲ್ಲದಿದ್ದರೂ ಮಗು ಒಸಡಿನಿಂದ ಅಗಿಯುತ್ತದೆ. ಈ ಅಭ್ಯಾಸ ತಡವಾದ ಮಕ್ಕಳು ಮುಂದೆ ಗಟ್ಟಿ ಆಹಾರಕ್ಕೆ ಹಟ ಮಾಡುತ್ತಾರೆ. ವರ್ಷದ ಹೊತ್ತಿಗೆ ಮನೆಯವರ ಊಟವೇ ಮಗುವಿನ ಊಟವಾಗಲಿ. ಉಪ್ಪು, ಖಾರ ಹಾಕುವ ಮುನ್ನ ಅದರ ಪಾಲನ್ನು ತೆಗೆದಿಟ್ಟರಾಯಿತು.

ಇವು ಬೇಡ

ಒಂದು ವರ್ಷದವರೆಗೆ ಜೇನುತುಪ್ಪವನ್ನು ನಾಲಗೆಗೂ ಸವರಬೇಡಿ. ಅದರಲ್ಲಿರಬಹುದಾದ ಒಂದು ರೋಗಾಣು ಶಿಶುಗಳಲ್ಲಿ ಪಾರ್ಶ್ವವಾಯುವಿನಂಥ ಕಾಯಿಲೆ ತರಬಲ್ಲದು. ವರ್ಷದೊಳಗೆ ಹಸುವಿನ ಹಾಲು ಮುಖ್ಯ ಆಹಾರವಾಗಬಾರದು, ಮೊಸರು ಕೊಡಬಹುದು. ಚಹಾ, ಕಾಫಿ, ಸಕ್ಕರೆ ಪಾನೀಯ, ಬಿಸ್ಕತ್ತು, ಹಾಲಿನ ಬಾಟಲಿ ಬೇಡ. ಇಡೀ ಕಡಲೆಕಾಯಿ ಬೀಜ, ದ್ರಾಕ್ಷಿ, ಕೊಬ್ಬರಿ ಚೂರು ಉಸಿರುನಾಳಕ್ಕೆ ಸಿಕ್ಕಿಕೊಳ್ಳಬಹುದು. ತಿನ್ನಿಸುವಾಗ ಮಗುವನ್ನು ಕೂರಿಸಿಯೇ ತಿನ್ನಿಸಿ.

ಭೇದಿ, ಜ್ವರ ಬಂದಾಗ ಊಟ ನಿಲ್ಲಿಸಬೇಡಿ. ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಿ. ಗುಣವಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಕೊಟ್ಟರೆ ಇಳಿದ ತೂಕ ಮರಳುತ್ತದೆ. ಆರು ತಿಂಗಳು ದಾಟಿದ ಮಕ್ಕಳಿಗೆ ವಾರಕ್ಕೆರಡು ಬಾರಿ ಕಬ್ಬಿಣಾಂಶದ ಸಿರಪ್ ಕೊಡುವ ಸರ್ಕಾರಿ ಕಾರ್ಯಕ್ರಮವಿದೆ. ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಲಸಿಕೆಗೆ ಹೋದಾಗಲೆಲ್ಲ ತೂಕ ನೋಡಿಸಿ, ಕಾರ್ಡಿನಲ್ಲಿ ಬರೆಸಿ. ಎರಡು ತಿಂಗಳು ಕಳೆದರೂ ತೂಕ ಏರದಿದ್ದರೆ, ಅಂಗೈ ಬಿಳಿಚಿದ್ದರೆ, ಮಗು ಆಟದಲ್ಲಿ ಆಸಕ್ತಿ ಕಳೆದುಕೊಂಡಿದ್ದರೆ ಟಾನಿಕ್ ಕೊಳ್ಳುವ ಮುನ್ನ ವೈದ್ಯರಿಗೆ ತೋರಿಸಿ.